ಬಿಟ್ಟ ಸ್ವರ

ಎಮಿಡಿಯೋ ರಪಾಲ್ಡಿ ಒಂದು ವರ್ಷವೂ ನಮ್ಮೊಡನೆ ನಡೆದವನಲ್ಲ.
ಗರಿ ಕಟ್ಟಿದವನಲ್ಲ, ಮುಖಕ್ಕೆ ಬಣ್ಣ ಬಳಿದವನಲ್ಲ.
ಫಿಲಡೆಲ್ಫಿಯಾದಲ್ಲಿ ಜನವರಿ ಒಂದು ಎಂದರೆ ಮೆರವಣಿಗೆ;
ಬ್ರಾಡ್ ಸ್ಟ್ರೀಟಿನ ಅಂಚಿಗೆ ಅವನು,
ರಬ್ಬರ್ ಬೂಟು, ಕಿವಿ ಮುಚ್ಚದ ಟೋಪಿ
(ಮುಚ್ಚಿದರೆ ಕೆಲಸ ಕೆಟ್ಟಿತು, ಎನ್ನುತ್ತಿದ್ದ),
ಹಲ್ಲಿನಲ್ಲಿ ಕಚ್ಚಿದ ಪೆನ್ಸಿಲು.

ಅವನು ಬರುವ ಮುಂಚೆ ಹೇಗೆ ಬಾರಿಸುತ್ತಿದ್ದೆವು?
ಒಂದೇ ಬಾಗಿಲಿಗೆ ಅರವತ್ತು ಮಂದಿ ನುಗ್ಗಿದ ಹಾಗೆ.
ಇಪ್ಪತ್ತು ಬ್ಯಾಂಜೋ, ಇಪ್ಪತ್ತಕ್ಕೂ ಒಂದೇ ಮಾತು,
ಸ್ಯಾಕ್ಸೊಫೋನುಗಳು ಅದನ್ನೇ ಇನ್ನೂ ಜೋರಾಗಿ,
ಅಕಾರ್ಡಿಯನ್ನುಗಳು ಏದುಸಿರು ಬಿಡುತ್ತ ಹಿಂದೆ.
ಸಂತೋಷಕ್ಕೇನೂ ಕೊರತೆಯಿರಲಿಲ್ಲ ಅನ್ನಿ.

ಹಗಲು ಹಡಗುಕಟ್ಟೆಯಲ್ಲಿ ಲೆಕ್ಕ ಬರೆಯುವವ.
ರಾತ್ರಿ, ಫಿಲೊಮೀನಾ ಸಾಸಿನ ಪಾತ್ರೆ ಎತ್ತಿದ ಮೇಲೆ,
ಅದೇ ಮೇಜಿನಲ್ಲಿ ನಮ್ಮನ್ನು ಬರೆಯುತ್ತಿದ್ದ.
ನಮ್ಮನ್ನೇ. ಹಾಳೆಯ ತಲೆಗೆ
'ಎರಡನೆಯ ಟೆನರ್' ಎಂದಿರುತ್ತಿರಲಿಲ್ಲ, 'ಸ್ಟಾಶ್' ಎಂದಿರುತ್ತಿತ್ತು.
ನಾನು ನಲವತ್ತೇಳನೇ ನಂಬರಿನ ಡ್ರೈವರು;
ನನ್ನದರಲ್ಲಿ ಟೊಮೆಟೊ ಕಲೆ, ಅದರ ಪಕ್ಕ:
'ಓಡಿಸಬೇಡ, ಇದು ಬಸ್ಸಲ್ಲ.'

ಸ್ಟಾಶ್ ವೊಯ್ಟಾಲಾ. ಆ ವರ್ಷ ಮಾರ್ಚಿನಲ್ಲಿ
ಮಾಂಸದ ಕಾರ್ಖಾನೆಯ ಗರಗಸ
ಅವನ ಬಲಗೈ ಉಂಗುರದ ಬೆರಳು ತಗೊಂಡಿತು.
ಸ್ಯಾಕ್ಸೊಫೋನಿನಲ್ಲಿ ಆ ಬೆರಳಿಲ್ಲದೆ 'ಡಿ' ಸ್ವರವಿಲ್ಲ.
ಡಿ ಇಲ್ಲದ ಹಾಡು ಯಾವುದಿದೆ?
ವಾದ್ಯವನ್ನು ಪೆಟ್ಟಿಗೆ ಸಮೇತ ಕ್ಲಬ್ಬಿಗೆ ತಂದ,
ಯಾರಾದರೂ ಹುಡುಗರಿಗೆ ಕೊಡಿ ಅಂದ.
ಯಾರೂ ಮುಟ್ಟಲಿಲ್ಲ.

ಎಮಿಡಿಯೋ ಸಮಾಧಾನ ಗಿಮಾಧಾನ ಹೇಳಲಿಲ್ಲ. ಕೈ ಹಿಡಿದು ನೋಡಿದ,
ದರ್ಜಿ ತೋಳಿನ ಅಳತೆ ತೆಗೆದ ಹಾಗೆ.
ಅಕ್ಟೋಬರಿಗೆ ಹಾಳೆ ಬಂತು: ಸ್ಟಾಶನ ಪಾಲಿಗೆ
ಡಿ ಇದ್ದಲ್ಲೆಲ್ಲ ಸುತ್ತುದಾರಿ, ಓಣಿ, ಹಿಂಬಾಗಿಲು.
ಒಂದೇ ಒಂದು ಕಡೆ ಸುತ್ತಲು ಜಾಗವಿರಲಿಲ್ಲ;
ಅಲ್ಲಿ ಖಾಲಿ ಬಿಟ್ಟಿದ್ದ.
ಬಾರಿಸಿ ನೋಡಿದೆವು. ಬಿದ್ದ ಹಲ್ಲಿನ ಸಂದು.
ಸ್ಟಾಶ್ ನೆಲ ನೋಡಿದ.

ಎಮಿಡಿಯೋ ಎದ್ದ. ಒಬ್ಬೊಬ್ಬರ ಮುಂದೆಯೂ ಬಂದು
ಒಬ್ಬೊಬ್ಬರ ಹಾಳೆಯಲ್ಲೂ ಆ ಮಾತ್ರೆಯನ್ನು ಹೊಡೆದುಹಾಕಿದ.
ಬ್ಯಾಂಜೋ, ಪಿಟೀಲು, ಅಕಾರ್ಡಿಯನ್, ಡ್ರಮ್ಮು,
ಅರವತ್ತು ಗೀಟು. ಒಂದು ತಾಸು ಹಿಡಿಯಿತು.

ಆ ಜನವರಿ ಒಂದು, ಥಂಡಿ ಎಂಥದೆಂದರೆ
ನನ್ನ ಪಕ್ಕದವನ ಎರಡು ತಂತಿ ಟಪ್ ಎಂದು ಹರಿದವು,
ಕ್ಯಾಪ್ಟನ್ನನ ಬೆನ್ನಿನ ಉಷ್ಟ್ರಪಕ್ಷಿ ಗರಿಗಳನ್ನು ಗಾಳಿ
ಹಡಗಿನ ಪಟವೆಂದುಕೊಂಡಿತ್ತು.
ಸಿಟಿ ಹಾಲ್ ಹತ್ತಿರ, ತೀರ್ಪುಗಾರರ ಮುಂದೆ,
ಎಲ್ಲ ಒಟ್ಟಿಗೆ ಸುಮ್ಮನಾದೆವು. ಒಂದು ಮಾತ್ರೆ.
ಬಂಗಾರ ಬಳಿದ ಅರವತ್ತು ಜೋಡಿ ಬೂಟು ಮಾತ್ರ
ಡಾಂಬರಿನ ಮೇಲೆ: ಸರ್ರ್.
ಆಮೇಲೆ ಬ್ಯಾಂಜೋಗಳು ಒಮ್ಮೆಲೇ.
ಜನ ಕಿರುಚಿದ್ದು ನನ್ನ ತಂತಿಗಳಲ್ಲಿ ನಡುಗಿತು.

ಮುಂದಿನ ವರ್ಷ ಮೂರು ಬ್ಯಾಂಡುಗಳು ಆ ಖಾಲಿಯನ್ನು ಕದ್ದವು.
ಈಗ ಎಲ್ಲರಲ್ಲೂ ಇದೆ. ಅದಕ್ಕೆ ಅಂಕ ಬೇರೆ.
ಟೂ ಸ್ಟ್ರೀಟಿನ ಬಾರಿನಲ್ಲಿ ಹುಡುಗರು ವಾದಿಸುತ್ತಾರೆ,
ಇದು ಶುದ್ಧ ಶೈಲಿ, ಮುತ್ತಜ್ಜಂದಿರ ಕಾಲದ್ದು ಎಂದು.
ನಾನು ಬಿಯರ್ ಕುಡಿಯುತ್ತೇನೆ.

ಎಮಿಡಿಯೋ ಹೋಗಿ ಹದಿನೆಂಟು ವರ್ಷ. ಸ್ಟಾಶ್ ಅದಕ್ಕೂ ಮುಂಚೆ.
ಮೊಮ್ಮಗಳು ಕಾರ್ಲಿನ್ ಕೈಯಲ್ಲಿ ಈಗ ಅದೇ ವಾದ್ಯ,
ಅದೇ ಹಾಳೆ, ತಲೆಗೆ ಅದೇ ಹೆಸರು.
ಹತ್ತೂ ಬೆರಳಿವೆ. ಉಗುರಿಗೆ ಹಸಿರು ಬಣ್ಣ.
ಹೋದ ಗುರುವಾರ ಎಲ್ಲ ಹೊರಟ ಮೇಲೆ
ನಾನು ಕಾಫಿ ಪಾತ್ರೆ ತೊಳೆಯುತ್ತಿದ್ದೆ, ಕೇಳಿದಳು:
ಇಲ್ಲಿ ಏನಿತ್ತು?
ಡಿ, ಅಂದೆ.
ಊದಿದಳು.
ಸಾಧಾರಣ ಡಿ. ಕೋಣೆಯ ಥಂಡಿಗೆ ಶ್ರುತಿ ತುಸು ತಗ್ಗಿತ್ತು.
ಇಷ್ಟೇನಾ? ಅಂದಳು.
ನಲ್ಲಿ ನಿಲ್ಲಿಸಿದೆ.
ಇನ್ನೊಂದು ಸಲ ಊದು, ಅಂದೆ.